ಅಮೆರಿಕದ ಡೆಲಾವೇರ್ ರಾಜ್ಯದಲ್ಲಿ ಕಂಪನಿ ಮಾಡಿದರೆ ತೆರಿಗೆ ಉಳಿಯುತ್ತದಂತೆ, ನಿಜವೇ?

ತೆರಿಗೆ ಉಳಿಸಲೆಂದೇ ಆದರೆ ಡೆಲಾವೇರ್ ಬೇಡ. ಸೇಲ್ಸ್ ಟ್ಯಾಕ್ಸ್ ಇಲ್ಲ, ಸರಿ. ಆದರೆ ಅಲ್ಲೇ ವ್ಯಾಪಾರ ಮಾಡುವವರು ಲಾಭವಿರಲಿ ಬಿಡಲಿ, ಒಟ್ಟು ವಹಿವಾಟಿನ ಮೇಲೆ ತೆರಿಗೆ ಕೊಡಬೇಕು. ಜೊತೆಗೆ ಕಾರ್ಪೊರೇಟ್ ಆದಾಯ ತೆರಿಗೆ ಶೇ. 8.7. ನೋಂದಣಿ ಡೆಲಾವೇರ್‌ನಲ್ಲಿ, ಕೆಲಸ ಕ್ಯಾಲಿಫೋರ್ನಿಯಾದಲ್ಲಿ ಅಂದರೆ ಅಲ್ಲೂ ನೋಂದಾಯಿಸಿ ಅಲ್ಲಿನ ತೆರಿಗೆಯನ್ನೂ ಕಟ್ಟಬೇಕು.

ಹತ್ತು ಲಕ್ಷ ಚಿಲ್ಲರೆ ಜನರಿರುವ ರಾಜ್ಯದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಕಂಪನಿಗಳು ನೋಂದಾಯಿಸಿಕೊಂಡಿರುವುದು ಕೋರ್ಟಿನ ಭರವಸೆಯಿಂದ. 1792ರಿಂದ ಇರುವ ಚಾನ್ಸರಿ ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಕಂಪನಿ ವ್ಯಾಜ್ಯಗಳಲ್ಲೇ ಪಳಗಿದ ನ್ಯಾಯಾಧೀಶರು ತೀರ್ಪು ಬರೆಯುತ್ತಾರೆ. ಹಾಗಾಗಿ ಹಣ ಹೂಡುವವರ ವಕೀಲರು ಡೆಲಾವೇರ್ ಕಂಪನಿಯನ್ನೇ ಕೇಳುತ್ತಾರೆ. ಎಲಾನ್ ಮಸ್ಕ್ ಅವರ ಭಾರಿ ಸಂಬಳವನ್ನು ಈ ಕೋರ್ಟ್ ರದ್ದುಮಾಡಿದ ನಂತರ 2024ರಲ್ಲಿ ಅವರ ಟೆಸ್ಲಾ ಟೆಕ್ಸಾಸ್‌ಗೆ ಹೊರಟಿತು. ಉಳಿದವರೂ ಹೊರಡದಿರಲೆಂದು 2025ರ ಮಾರ್ಚ್‌ನಲ್ಲಿ ಡೆಲಾವೇರ್ ತನ್ನ ಕಂಪನಿ ಕಾನೂನನ್ನೇ ತಿದ್ದಿತು. ಖಜಾನೆಗೆ ಕಂಪನಿ ಶುಲ್ಕ ಅಷ್ಟು ಮುಖ್ಯ.

ಹೊಸಬರು ಬೆಚ್ಚಿಬೀಳುವುದು ಫ್ರಾಂಚೈಸ್ ಟ್ಯಾಕ್ಸ್, ಅಂದರೆ ನೋಂದಾಯಿತ ಕಂಪನಿ ರಾಜ್ಯಕ್ಕೆ ವರ್ಷವರ್ಷ ಕಟ್ಟುವ ತೆರಿಗೆಯ ನೋಟಿಸಿಗೆ. ಸ್ಟಾರ್ಟಪ್‌ಗಳು ಸಾಮಾನ್ಯವಾಗಿ ಒಂದು ಕೋಟಿ ಷೇರುಗಳವರೆಗೆ ಹಂಚುವ ಅಧಿಕಾರ ಪಡೆದಿರುತ್ತವೆ; ಇವೇ ಅಧಿಕೃತ ಷೇರುಗಳು. ನೋಟಿಸ್ ಈ ಅಧಿಕೃತ ಷೇರು ಎಣಿಸಿ ಬರುತ್ತದೆ: ಮೊದಲ 10,000ಕ್ಕೆ 250 ಡಾಲರ್, ಆಮೇಲಿನ ಪ್ರತಿ 10,000ಕ್ಕೆ 85. ಒಟ್ಟು 85,165 ಡಾಲರ್! ಕಟ್ಟಬೇಡಿ. ವರದಿ ಸಲ್ಲಿಸುವಾಗ 'ಅಸ್ಯೂಮ್ಡ್ ಪಾರ್ ವ್ಯಾಲ್ಯೂ' ವಿಧಾನ ಹಿಡಿಯಿರಿ. ಕಂಪನಿಯ ಒಟ್ಟು ಆಸ್ತಿಯನ್ನು ಹಂಚಿರುವ ಷೇರುಗಳಿಂದ ಭಾಗಿಸಿ, ಅಧಿಕೃತ ಷೇರುಗಳಿಂದ ಗುಣಿಸಿ. ಆಸ್ತಿ 5 ಲಕ್ಷ ಡಾಲರ್, ಹಂಚಿದ ಷೇರು 80 ಲಕ್ಷ ಎನ್ನಿ, ಬರುವುದು 6.25 ಲಕ್ಷ. ಹತ್ತು ಲಕ್ಷದೊಳಗಿದ್ದರೆ ತೆರಿಗೆ ಕನಿಷ್ಠ ದರ, 400 ಡಾಲರ್. ವರದಿಯ ಶುಲ್ಕ 50. ಹಂಚಿದ ಷೇರು ತೀರಾ ಕಡಿಮೆಯಿದ್ದರೆ ಈ ಲೆಕ್ಕವೂ ಏರುತ್ತದೆ, ಆದ್ದರಿಂದ ಸ್ಥಾಪಕರ ಷೇರುಗಳನ್ನು ಆರಂಭದಲ್ಲೇ ಹಂಚಿಬಿಡಿ. ಗಡುವು ಮಾರ್ಚ್ 1. ತಪ್ಪಿದರೆ 200 ಡಾಲರ್ ದಂಡ, ತಿಂಗಳಿಗೆ ಶೇ. 1.5 ಬಡ್ಡಿ.

ಎಲ್‌ಎಲ್‌ಸಿಗೆ (ಸೀಮಿತ ಹೊಣೆಯ, ಷೇರುಗಳಿಲ್ಲದ ಸರಳ ಕಂಪನಿ) ಈ ತಲೆನೋವಿಲ್ಲ, ಜೂನ್ 1ರೊಳಗೆ 300 ಡಾಲರ್, ಅಷ್ಟೆ. ಆದರೆ ಭಾರತದಲ್ಲಿರುವ ಒಬ್ಬರೇ ಮಾಲೀಕರಾದರೆ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಗೆ ಮಾಲೀಕರೊಂದಿಗಿನ ವ್ಯವಹಾರ ತಿಳಿಸುವ ಫಾರ್ಮ್ 5472 ಸಲ್ಲಿಸುವುದನ್ನು ಮರೆಯುವಂತಿಲ್ಲ. ದಂಡ 25,000 ಡಾಲರ್.

ಗ್ರಾಹಕರೂ ಹೂಡಿಕೆದಾರರೂ ಭಾರತದವರೇ ಆಗಿದ್ದರೆ ಬೆಂಗಳೂರಿನಲ್ಲೇ ನೋಂದಾಯಿಸಿ. ಬೆಂಗಳೂರಿನ ಹೂಡಿಕೆ ಆ್ಯಪ್ ಕಂಪನಿ ಗ್ರೋ (Groww) ಡೆಲಾವೇರ್‌ನಿಂದ ಭಾರತಕ್ಕೆ ಮರಳಲು ಸುಮಾರು 1,340 ಕೋಟಿ ರೂಪಾಯಿ ತೆರಿಗೆ ಕಟ್ಟಬೇಕಾಯಿತು.