ಟೇಬಲ್ ಸಾ ಆಮೇಲೆ, ಮೊದಲು ಉಳಿ ಮಸೆಯಿರಿ

ಮನೆಯ ಮೂಲೆಯಲ್ಲಿ ಮರಗೆಲಸ ಶುರು ಮಾಡಬೇಕು, ಕೈಯಲ್ಲಿ ದುಡ್ಡು ಕಡಿಮೆ, ಇರುವುದನ್ನೆಲ್ಲ ಹಾಕಿ ಟೇಬಲ್ ಸಾ (ಮೇಜಿನ ನಡುವಿನಿಂದ ಗರಗಸದ ಚಕ್ರ ಮೇಲೆ ಬಂದಿರುವ ಮಷೀನು) ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿ ಕೈ ಸುಟ್ಟುಕೊಂಡವನು. ಅಗ್ಗದ್ದೊಂದು ತಂದೆ. ಅದರ ಫೆನ್ಸ್ (ಮರ ನೇರವಾಗಿ ಸಾಗಲು ಒರಗಿಸುವ ಪಟ್ಟಿ) ಬಿಗಿ ಮಾಡಿದಷ್ಟೂ ಓರೆಯಾಗುತ್ತಿತ್ತು. ಈಗ ಅದರ ಮೇಲೆ ಬಣ್ಣದ ಡಬ್ಬಿಗಳು ಕೂತಿವೆ.

ಮೊದಲು ಬೇಕಾದದ್ದು ಅಲ್ಲಾಡದ ಬೆಂಚು. 18 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದರೆ ಮೇಲ್ಹಲಗೆಗೆ ಸಾಕಾಗುತ್ತದೆ. ಕಾಲುಗಳಿಗೆ ಹಳೆ ತೊಲೆಯ ತುಂಡು ನಡೆಯುತ್ತದೆ. ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟು ಎಲ್ಲಿ ಬರುತ್ತದೋ ಸುಮಾರು ಅಷ್ಟು ಎತ್ತರ ಇಡಿ. ಹಗುರ ಅನ್ನಿಸಿದರೆ ಗೋಡೆಗೆ ಬಿಗಿಯಿರಿ, ಇಲ್ಲವೇ ಕೆಳಗೆ ಅಡ್ಡಹಲಗೆ ಹಾಕಿ ಕಲ್ಲು ಹೇರಿ. ಅಂದಚಂದ ಬೇಡ, ಹೇಗೂ ಗಾಯವಾಗುವ ಹಲಗೆ ಅದು.

ಉಳಿ ಮೂರು ಸಾಕು: 6, 12, 25 ಮಿ.ಮೀ. ಹನ್ನೆರಡು ಉಳಿಯ ಸೆಟ್ ನೋಡಿ ಮರುಳಾಗಬೇಡಿ. ಒಂದು ಕೈಗರಗಸ, ಒಂದು ಕೀಸುಳಿ (ರಂದಾ ಅನ್ನಿ, ಹತ್ತರಿ ಅನ್ನಿ, ಕೆಲಸ ಒಂದೇ), ಒಂದು ಮೂಲೆಮಟ್ಟ. ಕೊಡತಿಯನ್ನು ಗಟ್ಟಿ ಮರದ ತುಂಡಿನಿಂದ ನೀವೇ ಮಾಡಿಕೊಳ್ಳಿ. ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ: ನೇರ ಅಂಚಿಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಜಾಗದಲ್ಲಿ ಇನ್ನೊಂದು. ಎರಡೂ ಒಂದರ ಮೇಲೊಂದು ಕೂತರೆ ಸರಿ. ಕವಲೊಡೆದರೆ ವಾಪಸ್ ಇಟ್ಟುಬಿಡಿ.

ಇನ್ನು ಮಸೆಯುವ ವಿಷಯ. ಹೊಸ ಉಳಿ ಸಾಮಾನ್ಯವಾಗಿ ಹರಿತವಾಗಿ ಬಂದಿರುವುದಿಲ್ಲ. ದುಬಾರಿ ಸಾಣೆಕಲ್ಲು ಬೇಕಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ನೀರಿಗೆ ಕೆಡದ ಉಪ್ಪುಕಾಗದ ಹಾಸಿ, 400, 800, 1500 ನಂಬರಿನದು ಹೀಗೆ ಒಂದಾದ ಮೇಲೊಂದು (ನಂಬರ್ ಹೆಚ್ಚಿದಷ್ಟೂ ಕಾಗದ ನುಣುಪು). ಮೊದಲು ಉಳಿಯ ಬೆನ್ನು. ತುದಿಯ ಒಂದು ಇಂಚು ಸಪಾಟಾದರೆ ಸಾಕು. ಆಮೇಲೆ ಇಳಿಜಾರು ಬದಿಯನ್ನು 25ರಿಂದ 30 ಡಿಗ್ರಿಯಲ್ಲಿ ಹಿಡಿದು ಉಜ್ಜಿ. ಬೆನ್ನಿನ ಕಡೆಯಿಂದ ಬೆರಳನ್ನು ಹೊರಕ್ಕೆ ಮೆಲ್ಲಗೆ ಜಾರಿಸಿದರೆ ಕೂದಲೆಳೆಯಂಥ ಒರಟು ಅಂಚು ತಾಗಬೇಕು (ಅಂಚಿನ ಉದ್ದಕ್ಕೆ ಮಾತ್ರ ಎಳೆಯಬೇಡಿ, ಕುಯ್ಯುತ್ತದೆ). ಅದು ಈ ಮೂಲೆಯಿಂದ ಆ ಮೂಲೆಯವರೆಗೂ ಸಿಗುವ ತನಕ ಮುಂದಿನ ಕಾಗದಕ್ಕೆ ಹೋಗಬೇಡಿ. ಕೊನೆಗೆ ಹಳೆ ತೊಗಲಿನ ಬೆಲ್ಟ್ ಮೇಲೆ ಹಿಂದಕ್ಕೆ ಎಳೆದು ಆ ಒರಟನ್ನು ತೆಗೆಯಿರಿ. ಮೆತ್ತನೆ ಮರದ ಅಡ್ಡ ಕೊಯ್ದ ತುದಿಯನ್ನು ಸವರಿ ನೋಡಿ. ಮೇಣದ ಹಾಗೆ ನುಣುಪಾಗಿ ಬಂದರೆ ಆಯಿತು. ಪುಡಿಪುಡಿಯಾಗಿ ಕಿತ್ತು ಬಂದರೆ ಇನ್ನೂ ಮಸೆಯಬೇಕು.

ಮಷೀನು ಬೇಕೇ ಬೇಕು ಅಂದರೆ ಒಂದು ಡ್ರಿಲ್, ಆಮೇಲೆ ಕೈಯಲ್ಲಿ ಹಿಡಿಯುವ ಸರ್ಕ್ಯುಲರ್ ಸಾ (ಚಕ್ರದ ಗರಗಸ). ತೆಳು ಪ್ಲೈವುಡ್ ಮೇಲೆ ಒಂದು ನೇರ ಪಟ್ಟಿ ಅಂಟಿಸಿ, ಪಟ್ಟಿಗೆ ಒರಗಿಸಿಕೊಂಡು ಒಂದು ಸಲ ಸಾ ಓಡಿಸಿ. ಪ್ಲೈವುಡ್ಡಿನ ಆ ಅಂಚು ಬ್ಲೇಡ್ ಹೋಗುವ ಸಾಲಿಗೇ ಕತ್ತರಿಸಿಕೊಳ್ಳುತ್ತದೆ. ಇನ್ನು ಮುಂದೆ ಆ ಅಂಚನ್ನು ಗುರುತಿನ ಮೇಲಿಟ್ಟು ಕ್ಲ್ಯಾಂಪ್ (ಬಿಗಿಹಿಡಿಯುವ ಇಕ್ಕಳ) ಹಾಕಿದರೆ ದೊಡ್ಡ ಹಾಳೆಯೂ ನೇರವಾಗಿ ಬರುತ್ತದೆ.

ಕ್ಲ್ಯಾಂಪ್ ಎಷ್ಟಿದ್ದರೂ ಸಾಲದು ನಿಜ. ಅವನ್ನು ಕೊಳ್ಳುವವರೆಗೆ, ಅಂಟು ಹಾಕಿದ ಚೌಕಟ್ಟಿಗೆ ಹಗ್ಗ ಸುತ್ತಿ, ಕೋಲು ಸಿಕ್ಕಿಸಿ ತಿರುಚಿ. ಚೆನ್ನಾಗಿಯೇ ಬಿಗಿಯುತ್ತದೆ.

ಮರಕ್ಕೆ ಹಳೆ ಪ್ಯಾಲೆಟ್ (ಸರಕು ಹೇರಿ ಸಾಗಿಸುವ ಮರದ ಹಲಗೆ) ನೋಡಬಹುದು. ಮುದ್ರೆಯಲ್ಲಿ ಎಚ್‌ಟಿ ಅಂತ ಇದ್ದರೆ ಬಿಸಿಯಿಂದ ಹುಳ ಕೊಂದದ್ದು, ತಗೊಳ್ಳಿ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಬಿಟ್ಟುಬಿಡಿ. ಕೀಸುವ ಮೊದಲು ಅಯಸ್ಕಾಂತ ಆಡಿಸಿ. ಒಳಗೆ ಉಳಿದ ಒಂದೇ ಒಂದು ಮೊಳೆ ಸಾಕು, ನೀವು ಅರ್ಧ ದಿನ ಮಸೆದ ಅಲಗು ಹಾಳಾಗಲು.

ಉಳಿದ ದುಡ್ಡಿನಲ್ಲಿ ಒಂದು ಒಳ್ಳೆ ಧೂಳಿನ ಮಾಸ್ಕ್, ಒಂದು ಕನ್ನಡಕ. ಮರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ.

ಉಳಿ ಮಸೆದಾದ ಮೇಲೆ ಸವರಿದ ಮರದ ತುದಿಯ ಫೋಟೋ ಹಾಕಿ, ಹತ್ತಿರದಿಂದ ತೆಗೆದದ್ದು. ನೋಡಿ ಹೇಳುತ್ತೇನೆ.