ಬಾಗಿಲಿಗೆ ಕಲ್ಲು ಇಟ್ಟವರು ಯಾರು? (ಓದುಗರ ಪ್ರಶ್ನೆಗೆ ಉತ್ತರ: ಕ್ಯಾಂಪಸ್ ಸುರಕ್ಷತೆ)

ನಗರದ ನಡುವೆ ಇರುವ ವಿಶ್ವವಿದ್ಯಾಲಯಗಳ ಸುರಕ್ಷತೆ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆವು. ಪತ್ರಗಳ ರಾಶಿಯೇ ಬಂತು. ಎಲ್ಲಕ್ಕೂ ಇಲ್ಲಿ ಜಾಗವಿಲ್ಲ, ಒಂದೇ ಥರದ್ದನ್ನು ಸೇರಿಸಿ ಆರು ಪ್ರಶ್ನೆ ಆರಿಸಿಕೊಂಡಿದ್ದೇನೆ. ನಾನು ಹದಿನೆಂಟು ವರ್ಷ ಒಂದು ವಿಶ್ವವಿದ್ಯಾಲಯದ ಸೆಕ್ಯುರಿಟಿ ವಿಭಾಗದಲ್ಲಿ ಇದ್ದವನು. ಗೇಟಿನಲ್ಲಿ ನಿಂತಿದ್ದೂ ಉಂಟು, ಕಂಟ್ರೋಲ್ ರೂಮಿನಲ್ಲಿ ಕೂತು ತೂಕಡಿಸಿದ್ದೂ ಉಂಟು. ಹಾಗಾಗಿ ಅಲ್ಲಲ್ಲಿ ಮಾತು ಸ್ವಲ್ಪ ಖಾರವಾದರೆ ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಲೈಬ್ರರಿ ರಾತ್ರಿ ಹನ್ನೊಂದರ ತನಕ ತೆರೆದಿರುತ್ತದೆ. ಹಾಸ್ಟೆಲ್‌ಗೆ ಹತ್ತು ನಿಮಿಷದ ನಡಿಗೆ. ನಡುವೆ ಒಂದು ಕತ್ತಲ ದಾರಿ ಇದೆ, ಅಲ್ಲಿ ಎರಡು ಸಲ ಯಾರೋ ನನ್ನ ಹಿಂದೆಯೇ ಬಂದಿದ್ದಾರೆ. ದೂರು ಕೊಟ್ಟರೆ, 'ಎಂಟು ಗಂಟೆಗೇ ರೂಮು ಸೇರಿಕೊಳ್ಳಮ್ಮ' ಅಂದರು. ಬೇರೆ ಪರಿಹಾರವೇ ಇಲ್ವಾ ಸಾರ್? – ಒಬ್ಬ ಎಂ.ಎ. ವಿದ್ಯಾರ್ಥಿನಿ

ಉತ್ತರ: ಇದೆ. ಎಂಟಕ್ಕೇ ರೂಮು ಸೇರಿಕೊಳ್ಳಿ ಅನ್ನುವುದು ಭದ್ರತೆ ಅಲ್ಲ, ಜವಾಬ್ದಾರಿ ಜಾರಿಸಿಕೊಳ್ಳುವ ಉಪಾಯ. ಹನ್ನೊಂದರ ತನಕ ಲೈಬ್ರರಿ ತೆರೆದಿಟ್ಟವರಿಗೆ ಹನ್ನೊಂದಕ್ಕೆ ಅಲ್ಲಿಂದ ಹೊರಡುವವರ ಹೊಣೆಯೂ ಇರುತ್ತದೆ. ಅದೂ ಅಲ್ಲದೆ, ಎಲ್ಲರೂ ಹೆದರಿ ಎಂಟಕ್ಕೇ ಒಳಗೆ ಸೇರಿಕೊಂಡರೆ ದಾರಿಯಲ್ಲಿ ಜನವೇ ಇರುವುದಿಲ್ಲ, ಆಮೇಲೆ ಬರುವ ಒಬ್ಬಳಿಗೆ ಅಪಾಯ ಇನ್ನೂ ಜಾಸ್ತಿ.

ನೀವು ಮಾಡಬೇಕಾದ ಕೆಲಸ ಇದು. ನಾಲ್ಕೈದು ಜನ ಸೇರಿ, ಸಾಧ್ಯವಾದರೆ ಒಬ್ಬ ಅಧ್ಯಾಪಕರನ್ನೂ ಎಲೆಕ್ಟ್ರಿಕಲ್ ವಿಭಾಗದ ಒಬ್ಬರನ್ನೂ ಕರೆದುಕೊಂಡು, ರಾತ್ರಿ ಹತ್ತೂವರೆಗೆ ಆ ದಾರಿಯಲ್ಲಿ ನಡೆಯಿರಿ. ಹಗಲು ನಡೆದರೆ ಏನೂ ಗೊತ್ತಾಗಲ್ಲ. ಇದು ನನ್ನ ಕಲ್ಪನೆ ಅಲ್ಲ. ಕೆನಡಾದ ಟೊರೊಂಟೊದಲ್ಲಿ ಮೆಟ್ರ್ಯಾಕ್ ಎಂಬ ಸಂಸ್ಥೆ 1989ರಲ್ಲೇ ಈ ಕ್ರಮ ಶುರು ಮಾಡಿತು. ಜಾಗವನ್ನು ಬಳಸುವ ಹೆಂಗಸರೇ ಅಲ್ಲಿ ಓಡಾಡಿ, ಎಲ್ಲಿ ಭಯವಾಗುತ್ತದೆ, ಯಾಕೆ ಆಗುತ್ತದೆ ಅಂತ ಬರೆದುಕೊಳ್ಳುವುದು. ಈಗ ಇದು ಎಷ್ಟೋ ದೇಶಗಳಿಗೆ ಹರಡಿದೆ.

ಏನು ಬರೆದುಕೊಳ್ಳಬೇಕು? 'ಕತ್ತಲಿದೆ' ಅಂತ ಬರೆದರೆ ಆ ಕಾಗದ ಫೈಲಿನೊಳಗೇ ಕೊಳೆಯುತ್ತದೆ. ಕಂಬಗಳನ್ನು ಎಣಿಸಿ. 'ಲೈಬ್ರರಿ ಕಡೆಯಿಂದ ನಾಲ್ಕನೇ ಕಂಬದ ದೀಪ ಉರಿಯುತ್ತಿಲ್ಲ, ಏಳನೆಯದು ಮರದ ಕೊಂಬೆಯೊಳಗೆ ಮುಳುಗಿದೆ, ಒಂಬತ್ತರ ಪಕ್ಕದ ಪೊದೆ ಆಳೆತ್ತರ ಬೆಳೆದಿದೆ' ಅಂತ ಬರೆಯಿರಿ, ಫೋಟೋ ಸೇರಿಸಿ, ತಾರೀಖು ಹಾಕಿ. ಹೀಗೆ ಬರೆದ ಕಾಗದವನ್ನು ಮೂಲೆಗೆ ಹಾಕುವುದು ಕಷ್ಟ, ಯಾಕೆಂದರೆ ನಾಳೆ ಅದೇ ಒಂಬತ್ತನೇ ಕಂಬದ ಹತ್ತಿರ ಏನಾದರೂ ಆದರೆ 'ನಮಗೆ ಗೊತ್ತಿರಲಿಲ್ಲ' ಅನ್ನಲು ಯಾರಿಗೂ ಬರುವುದಿಲ್ಲ.

ದೀಪದ ವಿಷಯದಲ್ಲಿ ನಾವೇ ಒಮ್ಮೆ ಎಡವಿದ್ದೆವು. ಇಂಥದ್ದೇ ಒಂದು ದಾರಿಗೆ ದೊಡ್ಡ ಫ್ಲಡ್‌ಲೈಟ್ ಹಾಕಿಸಿ ಬೆನ್ನು ತಟ್ಟಿಕೊಂಡೆವು. ಹದಿನೈದು ದಿನದಲ್ಲಿ ದೂರು ಇಳಿಯುವ ಬದಲು ಏರಿತು! ಒಂದು ರಾತ್ರಿ ನಾನೇ ನಡೆದು ನೋಡಿದೆ. ಬೆಳಕು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಎದುರಿನಿಂದ ಬರುವವನು ಬರೀ ಕಪ್ಪು ಆಕಾರ. ದೀಪದಾಚೆಯ ಪೊದೆಯಲ್ಲಿ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಆ ಲೈಟು ತೆಗೆಸಿ, ಚಿಕ್ಕ ದೀಪಗಳನ್ನು ಹತ್ತಿರ ಹತ್ತಿರ, ಬೆಳಕು ನೆಲಕ್ಕೆ ಬೀಳುವ ಹಾಗೆ ಹಾಕಿಸಿ, ಪೊದೆಯನ್ನು ಮೊಣಕಾಲ ಮಟ್ಟಕ್ಕೆ ಕತ್ತರಿಸಿದ ಮೇಲೆ ಸರಿಹೋಯಿತು. ಎದುರಿನವರ ಮುಖ ಹತ್ತು ಹೆಜ್ಜೆ ದೂರದಿಂದಲೇ ಗುರುತು ಸಿಗಬೇಕು, ನಾವು ಇಟ್ಟುಕೊಂಡ ಲೆಕ್ಕ ಅಷ್ಟೇ. ಬೆಳಕು ನಿಜಕ್ಕೂ ಕೆಲಸ ಮಾಡುತ್ತದೆ. 2016ರಲ್ಲಿ ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ ಹೆಚ್ಚಿನ ದೀಪ ಹಾಕಿ ಆರು ತಿಂಗಳು ನೋಡಿದರು. ಅಲ್ಲಿ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಸುಮಾರು ಮೂರನೇ ಒಂದರಷ್ಟು ಇಳಿದವು.

ದೀಪ ಸರಿಯಾಗುವ ತನಕ ಏನು ಮಾಡುವುದು? ಲೈಬ್ರರಿ ಮುಚ್ಚುವ ಹೊತ್ತಿಗೆ ಒಬ್ಬ ಗಾರ್ಡ್ ಜೊತೆಗೆ ಗುಂಪಾಗಿ ಹೊರಡುವ ವ್ಯವಸ್ಥೆ ಕೇಳಿ. ಹತ್ತು ಗಂಟೆಗೊಂದು, ಹನ್ನೊಂದಕ್ಕೊಂದು. ಇದಕ್ಕೆ ಹೊಸ ದುಡ್ಡು ಬೇಡ, ಶಿಫ್ಟ್ ಚಾರ್ಟಿನಲ್ಲಿ ಒಂದು ಗೆರೆ ಬದಲಾಯಿಸಿದರೆ ಸಾಕು. ಹಿಂದೆ ಬಂದವನ ಬಗ್ಗೆ ಬಾಯಿಮಾತಿನ ದೂರು ಸಾಲದು. ಬರೆದು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಪ್ರಶ್ನೆ: ನಾನು ಹಾಸ್ಟೆಲ್ ಗಾರ್ಡ್. ಪಕ್ಕದ ಬಾಗಿಲು ತಾನಾಗೇ ಲಾಕ್ ಆಗುವಂಥದ್ದು. ಮಕ್ಕಳು ಅದಕ್ಕೆ ಕಲ್ಲು ಅಡ್ಡ ಇಟ್ಟು ಓಡಾಡುತ್ತಾರೆ. ನಾನು ತೆಗೆದರೆ ಅವರು ಬೈತಾರೆ, ತೆಗೆಯದಿದ್ದರೆ ಮೇಲಿನವರು ಬೈತಾರೆ. ಏನು ಮಾಡಲಿ?

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ನಿಮ್ಮದು. ಇಂಥ ಬಾಗಿಲಿನಿಂದ ಒಂದು ದೇಶದ ಕಾನೂನೇ ಹುಟ್ಟಿದೆ ಗೊತ್ತಾ? 1986ರ ಏಪ್ರಿಲ್ 5ರಂದು ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್ ಕೋಣೆಯಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿ ಕೊಂದರು. ಕೊಂದವನು ಮೂರು ಬಾಗಿಲು ದಾಟಿ ಬಂದಿದ್ದ. ಮೂರೂ ತಾನಾಗೇ ಲಾಕ್ ಆಗಬೇಕಾದ ಬಾಗಿಲು, ಮೂರಕ್ಕೂ ಯಾರೋ ಅಡ್ಡ ಇಟ್ಟು ತೆರೆದು ಬಿಟ್ಟಿದ್ದರು. ಅವನು ಹೊರಗಿನವನಲ್ಲ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಆಕೆಯ ತಂದೆತಾಯಿ ಬಿಡದೆ ಹೋರಾಡಿದ್ದರಿಂದ 1990ರಲ್ಲಿ ಕಾನೂನು ಬಂತು, ಈಗ ಅದನ್ನು ಕ್ಲೆರಿ ಕಾಯ್ದೆ ಅನ್ನುತ್ತಾರೆ. ಅದರ ಪ್ರಕಾರ ಅಲ್ಲಿನ ವಿಶ್ವವಿದ್ಯಾಲಯಗಳು ಕ್ಯಾಂಪಸ್ಸಿನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಎಲ್ಲರ ಮುಂದೆ ಇಡಬೇಕು. ಮುಚ್ಚಿಡುವ ಹಾಗಿಲ್ಲ.

ಈಗ ನಿಮ್ಮ ಕಲ್ಲಿಗೆ ಬರೋಣ. ಕಲ್ಲು ತೆಗೆಯಿರಿ, ಆದರೆ ಅಷ್ಟಕ್ಕೇ ಬಿಡಬೇಡಿ. ಯಾವ ಹೊತ್ತಿಗೆ ಇಡುತ್ತಾರೆ, ಎಲ್ಲಿಗೆ ಹೋಗಿ ಬರುತ್ತಾರೆ ಅಂತ ಒಂದು ವಾರ ನೋಡಿ. ನಮ್ಮಲ್ಲೂ ಹೀಗೇ ಆಗುತ್ತಿತ್ತು. ಮುಂಬಾಗಿಲಿಗೆ ಸುತ್ತಿ ಬರಲು ಆರು ನಿಮಿಷ, ನೀರಿನ ಫಿಲ್ಟರ್ ಇದ್ದದ್ದು ಪಕ್ಕದ ಕಟ್ಟಡದಲ್ಲಿ, ಈ ಬಾಗಿಲಿನಿಂದ ಇಪ್ಪತ್ತು ಹೆಜ್ಜೆ. ರಾತ್ರಿ ಒಂದು ಬಾಟಲಿ ನೀರಿಗಾಗಿ ಯಾರು ಸುತ್ತಿ ಬರುತ್ತಾರೆ ಹೇಳಿ? ಫಿಲ್ಟರ್ ಹಾಸ್ಟೆಲ್ ಒಳಗೆ ಬಂದ ಮೇಲೆ ಕಲ್ಲು ತಾನಾಗಿಯೇ ಮಾಯವಾಯಿತು. ಕೆಲವು ಕಡೆ ಕಾರ್ಡು ತೋರಿಸಿದರೂ ಲಾಕ್ ತೆಗೆಯದೆ ಸತಾಯಿಸುತ್ತದೆ, ಅಂಥ ಕಡೆಯೂ ಕಲ್ಲು ಬರುತ್ತದೆ. ನೋಡಿದ್ದನ್ನೆಲ್ಲ ತಾರೀಖು, ಟೈಮು ಸಮೇತ ಡ್ಯೂಟಿ ರಿಜಿಸ್ಟರಿನಲ್ಲಿ ಬರೆಯಿರಿ. ನಾಳೆ ನಿಮ್ಮ ತಲೆಗೆ ಕಟ್ಟಲು ಬಂದರೆ ಕಾಪಾಡುವುದು ಅದೊಂದೇ. ಬಾಗಿಲು ಅರ್ಧ ನಿಮಿಷಕ್ಕಿಂತ ಹೆಚ್ಚು ತೆರೆದಿದ್ದರೆ ಕೂಗುವ ಸಣ್ಣ ಅಲಾರಾಂ ಸಿಗುತ್ತದೆ, ಅದನ್ನೂ ಕೇಳಿ. ಹಾಗಂತ ರೋಸಿಹೋಗಿ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯಬೇಡಿ. ಬೆಂಕಿ ಬಿದ್ದರೆ ಒಳಗಿನವರು ಅಲ್ಲೇ ಸಾಯುತ್ತಾರೆ.

ಪ್ರಶ್ನೆ: ಮಗಳು ಓದುವ ಕ್ಯಾಂಪಸ್ಸಿನಲ್ಲಿ ಐನೂರು ಸಿಸಿ ಕ್ಯಾಮರಾ ಇವೆಯಂತೆ. ಅಂದರೆ ನಾವು ನಿಶ್ಚಿಂತೆಯಿಂದ ಇರಬಹುದಲ್ವಾ? – ಒಬ್ಬ ತಂದೆ

ಉತ್ತರ: ಸಂಖ್ಯೆ ಕೇಳಿ ನಿಶ್ಚಿಂತೆ ಆಗಬೇಡಿ ಸಾರ್. ಬ್ರ್ಯಾಂಡನ್ ವೆಲ್ಶ್, ಡೇವಿಡ್ ಫ್ಯಾರಿಂಗ್ಟನ್ ಎಂಬ ಇಬ್ಬರು ಸಂಶೋಧಕರು ಆ ತನಕ ನಡೆದ 44 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2009ರಲ್ಲಿ ಪ್ರಕಟಿಸಿದರು. ಕ್ಯಾಮರಾ ಇದ್ದ ಕಡೆ ಅಪರಾಧ ಒಟ್ಟಾರೆ ನೂರಕ್ಕೆ 16ರಷ್ಟು ಕಡಿಮೆ. ಆದರೆ ಆ ಇಳಿಕೆಯ ಬಹುಪಾಲು ವಾಹನ ನಿಲ್ಲಿಸುವ ಜಾಗಗಳದ್ದು, ಅಲ್ಲಿ ನೂರಕ್ಕೆ 51ರಷ್ಟು. ಹೊಡೆದಾಟ, ಹಲ್ಲೆಯಂಥವುಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಅಂದರೆ ಮಗಳ ಸ್ಕೂಟರಿಗೆ ಕ್ಯಾಮರಾ ಒಳ್ಳೆಯ ಕಾವಲು, ಮಗಳಿಗೆ ಅದೊಂದೇ ಸಾಲದು.

ಕೇಳಬೇಕಾದ ಪ್ರಶ್ನೆ ಬೇರೆ ಇವೆ. ಆ ಐನೂರರಲ್ಲಿ ಇವತ್ತು ಎಷ್ಟು ಕೆಲಸ ಮಾಡುತ್ತಿವೆ? ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ? ರಾತ್ರಿ ಎರಡಕ್ಕೆ ಸ್ಕ್ರೀನ್ ಮುಂದೆ ಯಾರಿರುತ್ತಾರೆ, ಅವರು ಏನಾದರೂ ನೋಡಿದರೆ ಯಾರಿಗೆ ಫೋನ್ ಮಾಡುತ್ತಾರೆ, ಆ ಯಾರೋ ಎಷ್ಟು ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತಾರೆ? ಒಮ್ಮೆ ಒಂದು ಹಲ್ಲೆ ಪ್ರಕರಣದಲ್ಲಿ ನಾವು ಆ ಹೊತ್ತಿನ ದೃಶ್ಯವನ್ನೆಲ್ಲ ಹುಡುಕಿದರೂ ಏನೂ ಸಿಗಲಿಲ್ಲ. ಕೊನೆಗೆ ನೋಡಿದರೆ ಆ ರೆಕಾರ್ಡಿಂಗ್ ಪೆಟ್ಟಿಗೆಯ ಗಡಿಯಾರ ನಲವತ್ತು ನಿಮಿಷ ಹಿಂದೆ ಓಡುತ್ತಿತ್ತು. ಇನ್ನೊಂದು ಕ್ಯಾಮರಾದ ಗಾಜಿನ ಮುಂದೆ ಜೇಡ ಬಲೆ ಕಟ್ಟಿತ್ತು, ರಾತ್ರಿಯಾದರೆ ಚಿತ್ರ ಪೂರ್ತಿ ಬೆಳ್ಳಗೆ. ಕ್ಯಾಮರಾ ಕೊಳ್ಳುವ ದಿನ ಫೋಟೋ ತೆಗೆಸಿಕೊಳ್ಳುವವರು ಬಹಳ, ಬಲೆ ಒರೆಸುವವರು ಮಾತ್ರ ಯಾರೂ ಇಲ್ಲ.

ಪ್ರಶ್ನೆ: ನಾನು ನಮ್ಮ ವಿಶ್ವವಿದ್ಯಾಲಯದ ಸುರಕ್ಷತಾ ಸಮಿತಿಯಲ್ಲಿದ್ದೇನೆ. ಸುತ್ತಲೂ ಎತ್ತರದ ಕಾಂಪೌಂಡ್ ಕಟ್ಟಿ, ಹೊರಗಿನವರಿಗೆ ಪ್ರವೇಶ ನಿಲ್ಲಿಸಿ, ಎಂಟು ಗೇಟುಗಳಲ್ಲಿ ಆರನ್ನು ಮುಚ್ಚಬೇಕು ಅಂತ ಪ್ರಸ್ತಾಪ ಬಂದಿದೆ. ನಿಮ್ಮ ಅಭಿಪ್ರಾಯ? – ಒಬ್ಬ ಪ್ರಾಧ್ಯಾಪಕಿ

ಉತ್ತರ: ನನ್ನ ವೋಟು ಬೇಡ ಅಂತಲೇ ಮೇಡಂ, ಕನಿಷ್ಠ ಪಕ್ಷ ಈ ರೂಪದಲ್ಲಿ ಬೇಡ. ಎತ್ತರದ ಗೋಡೆ ಕಳ್ಳನನ್ನು ತಡೆಯುತ್ತದೋ ಇಲ್ಲವೋ, ನೋಡುವ ಕಣ್ಣುಗಳನ್ನಂತೂ ತಡೆಯುತ್ತದೆ. ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲೇ ಇದನ್ನು ಬರೆದರು. ಬೀದಿಯನ್ನು ಕಾಯುವುದು ಮುಖ್ಯವಾಗಿ ಪೊಲೀಸರಲ್ಲ, ಅಲ್ಲಿ ಓಡಾಡುವ, ಕಿಟಕಿಯಿಂದ ನೋಡುವ ಸಾಮಾನ್ಯ ಜನ. ಗೋಡೆಯ ಎರಡೂ ಬದಿಯ ಓಣಿ ನಿರ್ಜನವಾದರೆ ಅಲ್ಲಿ ಏನು ನಡೆದರೂ ಕೇಳುವವರಿಲ್ಲ. ಆರು ಗೇಟು ಮುಚ್ಚಿದರೆ ನಿಮ್ಮ ವಿದ್ಯಾರ್ಥಿಗಳೇ ಆ ಓಣಿಯಲ್ಲಿ ಅರ್ಧ ಕಿಲೋಮೀಟರ್ ಜಾಸ್ತಿ ನಡೆಯಬೇಕು. ಗೋಡೆ ಬೇಕೇ ಬೇಕು ಅಂದರೆ ಕಂಬಿಯ ಬೇಲಿ ಹಾಕಿಸಿ, ಆಚೆಯಿಂದ ಈಚೆಗೆ ಕಾಣುತ್ತಿರಲಿ.

ಕ್ಯಾಂಪಸ್ಸಿಗೆ ಬರುವ ದಾರಿ ತೆರೆದಿರಲಿ, ಒಳಗಿನ ಕೆಲವು ಬಾಗಿಲು ಬಿಗಿಯಾಗಿರಲಿ. ಹಾಸ್ಟೆಲ್, ಲ್ಯಾಬ್, ರಾತ್ರಿ ತೆರೆದಿರುವ ಕಟ್ಟಡ, ಇಲ್ಲಿ ಕಾರ್ಡ್ ಬೇಕು. ಹೊರಗಿನವನೇ ಅಪರಾಧಿ ಅನ್ನುವ ಲೆಕ್ಕ ತಪ್ಪು ಅಂತ ಮೇಲೆ ಹೇಳಿದ ಕ್ಲೆರಿ ಪ್ರಕರಣವೇ ತೋರಿಸುತ್ತದೆ. ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಹೆಚ್ಚಿನವು ಪರಿಚಿತರಿಂದಲೇ ಆಗುವಂಥವು. ಅವರು ಐಡಿ ಕಾರ್ಡು ತೋರಿಸಿ, ಗಾರ್ಡಿಗೆ ನಮಸ್ಕಾರ ಹೇಳಿ ಒಳಗೆ ಬರುತ್ತಾರೆ. ಅದಕ್ಕೆ ಬೇಕಾದ್ದು ಗೋಡೆ ಅಲ್ಲ, ದೂರು ಕೊಟ್ಟವರ ಹೆಸರು ಹೊರಗೆ ಬಿಡದ, ದೂರು ಯಾರ ಮೇಲಿದ್ದರೂ ಹಿಂಜರಿಯದ ಸಮಿತಿ. ನಿಮ್ಮ ಸಮಿತಿಯ ಫೋನ್ ನಂಬರ್ ಹಾಸ್ಟೆಲ್ ಗೋಡೆಯ ಮೇಲೆ ಇದೆಯಾ ಅಂತ ಒಮ್ಮೆ ಹೋಗಿ ನೋಡಿ ಬನ್ನಿ. ನಾನು ಸೇರಿದ ಹೊಸದರಲ್ಲಿ ನಮ್ಮ ಬೋರ್ಡಿನ ಮೇಲೆ ಇದ್ದದ್ದು ನಾಲ್ಕು ವರ್ಷ ಹಿಂದೆ ನಿವೃತ್ತರಾದವರ ನಂಬರ್.

ಪ್ರಶ್ನೆ: ಏನಾದರೂ ನಡೆದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಗುಲ್ಲೋ ಗುಲ್ಲು, ಆಡಳಿತದವರಿಂದ ಒಂದು ಮಾತೂ ಇಲ್ಲ. 'ಖಚಿತವಾದ ಮೇಲೆ ತಿಳಿಸುತ್ತೇವೆ' ಅಂತಾರೆ. ಇದು ಸರಿಯಾ? – ಮೂವರು ವಿದ್ಯಾರ್ಥಿಗಳು

ಉತ್ತರ: ಸರಿಯಲ್ಲ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಬೆಳಗ್ಗೆ ಸುಮಾರು 7:15ಕ್ಕೆ ಹಾಸ್ಟೆಲ್ ಒಂದರಲ್ಲಿ ಇಬ್ಬರ ಮೇಲೆ ಗುಂಡು ಹಾರಿತು. ಅದು ಅಲ್ಲಿಗೇ ಮುಗಿದ ವೈಯಕ್ತಿಕ ಜಗಳ ಅಂದುಕೊಂಡರು. ಎಲ್ಲರಿಗೂ ಮೊದಲ ಇಮೇಲ್ ಹೋಗಿದ್ದು 9:26ಕ್ಕೆ. ಅದಾದ ಸುಮಾರು ಕಾಲು ಗಂಟೆಗೆ ಅದೇ ಹಂತಕ ಬೇರೆ ಕಟ್ಟಡಕ್ಕೆ ನುಗ್ಗಿ 30 ಜನರನ್ನು ಕೊಂದ. ಒಟ್ಟು ಸತ್ತವರು 32. ಮರುವರ್ಷವೇ ಮೇಲೆ ಹೇಳಿದ ಕ್ಲೆರಿ ಕಾಯ್ದೆಗೆ ತಿದ್ದುಪಡಿ ಬಂತು: ಅಪಾಯ ಇದೆ ಅಂತ ಖಾತ್ರಿಯಾದ ಕೂಡಲೇ ತಡಮಾಡದೆ ಎಚ್ಚರಿಸಬೇಕು.

ಮೊದಲ ಸಂದೇಶಕ್ಕೆ ಪೂರ್ತಿ ಕಥೆ ಬೇಕಿಲ್ಲ. 'ಇಂಥ ಕಟ್ಟಡದ ಹತ್ತಿರ ಹೋಗಬೇಡಿ, ಇದ್ದಲ್ಲೇ ಬಾಗಿಲು ಹಾಕಿಕೊಳ್ಳಿ, ಅರ್ಧ ಗಂಟೆಯಲ್ಲಿ ಮತ್ತೆ ತಿಳಿಸುತ್ತೇವೆ.' ಇಷ್ಟು ಸಾಕು. ಆದರೆ ಅದನ್ನು ಕಳಿಸುವ ಅಧಿಕಾರ ರಾತ್ರಿ ಡ್ಯೂಟಿಯಲ್ಲಿರುವ ಮನುಷ್ಯನಿಗೇ ಇರಬೇಕು. ಕುಲಪತಿಗಳ ಸಹಿಗೆ ಕಾಯುವ ಎಚ್ಚರಿಕೆ ಬೆಳಗಾದ ಮೇಲೆಯೇ ಬರುವುದು. ವರ್ಷಕ್ಕೆರಡು ಸಲ ಪರೀಕ್ಷಾ ಸಂದೇಶ ಕಳಿಸಿ ನೋಡಿ ಅಂತ ನಿಮ್ಮ ಪ್ರತಿನಿಧಿಗಳ ಮೂಲಕ ಕೇಳಿ. ಎಷ್ಟು ಜನರ ನಂಬರ್ ಹಳೆಯದು ಅನ್ನುವುದೂ ಆಗಲೇ ಗೊತ್ತಾಗುತ್ತದೆ.

ಪ್ರಶ್ನೆ: ಲೈಬ್ರರಿಯಲ್ಲಿ ಟೇಬಲ್ ಮೇಲಿಟ್ಟ ಲ್ಯಾಪ್‌ಟಾಪ್ ಐದೇ ನಿಮಿಷದಲ್ಲಿ ಹೋಯಿತು. ಇನ್ನು ಸಿಗುತ್ತಾ? – ನೊಂದ ವಿದ್ಯಾರ್ಥಿ

ಉತ್ತರ: ಸಿಗುವ ಸಾಧ್ಯತೆ ಕಡಿಮೆ ತಮ್ಮಾ, ಸುಳ್ಳು ಭರವಸೆ ಕೊಡಲ್ಲ. ಆದರೂ ಮೂರು ಕೆಲಸ ಇವತ್ತೇ ಮಾಡು. ಮೇಲ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ಬದಲಾಯಿಸು. ಡಬ್ಬದ ಮೇಲೋ ಬಿಲ್ಲಿನಲ್ಲೋ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಹಾಕಿ ಪೊಲೀಸ್ ದೂರು ಕೊಡು. ಸೆಕ್ಯುರಿಟಿ ಆಫೀಸಿಗೆ ಹೋಗಿ ಆ ಹೊತ್ತಿನ ರೆಕಾರ್ಡಿಂಗ್ ಅಳಿಸಿಹೋಗುವ ಮೊದಲೇ ತೆಗೆದಿಡಿ ಅಂತ ಬರಹದಲ್ಲಿ ಕೊಡು. ಮತ್ತೆ, ಅವರ ಗಡಿಯಾರ ಸರಿ ಇದೆಯಾ ಅಂತ ನಿನ್ನ ಮೊಬೈಲ್ ಪಕ್ಕ ಹಿಡಿದು ನೋಡು.