ಅಮ್ಮನ ಗೆಡ್ಡೆಯಲ್ಲಿ ಟಿಪಿ53 ಇದ್ದರೆ ಮಗಳಿಗೇನು?

ಪ್ರಶ್ನೆ: ಅಮ್ಮನಿಗೆ 58 ವರ್ಷ, ಅಂಡಾಶಯದ ಹೈ ಗ್ರೇಡ್ ಸೀರಸ್ ಕ್ಯಾನ್ಸರ್. ಜೀನ್ ರಿಪೋರ್ಟಿನಲ್ಲಿ ‘ಟಿಪಿ53 ಮ್ಯುಟೇಶನ್, ಪ್ಯಾಥೊಜೆನಿಕ್’, ‘ಸಿಸಿಎನ್‌ಇ1 ಆಂಪ್ಲಿಫಿಕೇಶನ್’ ಎಂದಿದೆ. ತಂಗಿಗೆ ಗಂಡು ನೋಡುತ್ತಿದ್ದೇವೆ. ಅವಳಿಗೂ ಇದು ಬಂದಿರುತ್ತದೆಯೇ? ಗಂಡಿನ ಕಡೆಯವರಿಗೆ ಹೇಳಬೇಕೇ?

ಉತ್ತರ: ಊರು, ವಯಸ್ಸು ಬೇರೆ ಮಾಡಿಕೊಂಡು ಈ ಪ್ರಶ್ನೆ ಬರುತ್ತಲೇ ಇರುತ್ತದೆ. ‘ಪ್ಯಾಥೊಜೆನಿಕ್’, ಅಂದರೆ ರೋಗ ತರುವಂಥದ್ದು, ಎಂಬ ಪದ ಎಲ್ಲರ ಕಣ್ಣಿಗೂ ಬೀಳುತ್ತದೆ, ಪರೀಕ್ಷೆಗೆ ಕೊಟ್ಟ ಮಾದರಿ ಯಾವುದೆಂದು ಹೇಳುವ, ಅದೇ ಪುಟದ ತಲೆಯಲ್ಲಿರುವ ‘ಸ್ಪೆಸಿಮನ್’ ಎಂಬ ಸಾಲು ಯಾರಿಗೂ ಬೇಡ. ನೀವು ಕಳಿಸಿದ ಪುಟದಲ್ಲಿ ಅದರ ಮುಂದೆ ‘ಎಫ್‌ಎಫ್‌ಪಿಇ ಬ್ಲಾಕ್’ ಎಂದಿದೆ. ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿದ ತುಂಡು ಅದು. ಲ್ಯಾಬಿನವರು ನೋಡಿರುವುದು ಆ ಗೆಡ್ಡೆಯನ್ನು, ಅಮ್ಮನ ರಕ್ತವನ್ನಲ್ಲ.

ಡಿಎನ್‌ಎ ಹಾಳಾದಾಗ ಟಿಪಿ53 ಜೀನಿನ ಪ್ರೋಟೀನು ಪಿ21 ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಅದು ಕೋಶವನ್ನು ವಿಭಜನೆಗೆ ನೂಕುವ ಸಿಡಿಕೆ ಕಿಣ್ವಗಳನ್ನು ಹಿಡಿದು ವಿಭಜನೆಯನ್ನು ತಡೆಯುತ್ತದೆ. ಟಿಪಿ53 ಕೆಟ್ಟರೆ ಕೋಶ ಹರಕು ಡಿಎನ್‌ಎಯನ್ನೇ ನಕಲು ಮಾಡಿಕೊಂಡು ಒಡೆಯುತ್ತಾ ಹೋಗುತ್ತದೆ. ಸಿಸಿಎನ್‌ಇ1 ಜೀನಿನ ಪ್ರತಿಗಳು ಹೆಚ್ಚಾದರೆ ಸೈಕ್ಲಿನ್ ಇ ಎಂಬ ಪ್ರೋಟೀನು ಅತಿಯಾಗಿ ತಯಾರಾಗಿ ಅದೇ ಕೆಲಸಕ್ಕೆ ಹಿಂದಿನಿಂದ ನೂಕುತ್ತದೆ. ಈ ಬಗೆಯ ಕ್ಯಾನ್ಸರಿನಲ್ಲಿ ಟಿಪಿ53 ಕೆಟ್ಟಿರುವುದು ವಿಶೇಷವೇ ಅಲ್ಲ. 2011ರಲ್ಲಿ ಪ್ರಕಟವಾದ ಕ್ಯಾನ್ಸರ್ ಗೆಡ್ಡೆಗಳ ಜೀನುಗಳನ್ನು ಪಟ್ಟಿಮಾಡಿದ ಅಮೆರಿಕದ ಟಿಸಿಜಿಎ ಅಧ್ಯಯನದಲ್ಲಿ ನೂರಕ್ಕೆ 96 ಗೆಡ್ಡೆಗಳಲ್ಲಿ ಅದು ಕೆಟ್ಟಿತ್ತು. ಇದು ಬಹುಮಟ್ಟಿಗೆ ಬದುಕಿನ ನಡುವೆ, ಹೆಚ್ಚಾಗಿ ಫಾಲೋಪಿಯನ್ ನಾಳದ ತುದಿಯ ಯಾವುದೋ ಕೋಶದಲ್ಲಿ ಆದ ಬದಲಾವಣೆ. ಮಕ್ಕಳಿಗೆ ದಾಟುವುದಿಲ್ಲ. ಸಿಸಿಎನ್‌ಇ1 ಕೂಡ ಹಾಗೇ. ಅದು ಹೆಚ್ಚಿರುವ ಗೆಡ್ಡೆಗಳು ಪ್ಲಾಟಿನಂ ಕೀಮೋಗೆ ಅಷ್ಟಾಗಿ ಬಗ್ಗುವುದಿಲ್ಲ, ಹಾಗಾಗಿ ಆ ಸಾಲು ಅಮ್ಮನ ಡಾಕ್ಟರಿಗೆ ಬೇಕಾದದ್ದು. ತಂಗಿಯ ಮದುವೆಗೆ ಅದರಿಂದ ಏನೂ ಆಗಬೇಕಿಲ್ಲ.

ಟಿಪಿ53 ದೋಷ ಹುಟ್ಟಿನಿಂದಲೇ ಬರುವ ಮನೆತನಗಳೂ ಇವೆ, ಬಹಳ ಅಪರೂಪ. ಅಲ್ಲಿ ಮಕ್ಕಳಿಗೇ ಮೂಳೆಯ, ಮಿದುಳಿನ ಗೆಡ್ಡೆಗಳು, 30ರ ಒಳಗೇ ಸ್ತನ ಕ್ಯಾನ್ಸರ್ ಕಾಣುತ್ತವೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ.

ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಆರು ಪುಟ ಕಳಿಸಿದ್ದೀರಿ. ಅಮ್ಮನ ರಕ್ತದಲ್ಲಿ ಬಿಆರ್‌ಸಿಎ1, ಬಿಆರ್‌ಸಿಎ2 ನೋಡಿದ ರಿಪೋರ್ಟ್ ಮಾತ್ರ ಅದರಲ್ಲಿಲ್ಲ. ಅಂಡಾಶಯದ ಇಂಥ ಕ್ಯಾನ್ಸರ್ ಬಂದ ಪ್ರತಿ ಹೆಂಗಸಿಗೂ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲದಿದ್ದರೂ, ಈ ರಕ್ತಪರೀಕ್ಷೆ ಆಗಬೇಕು. ಮುರಿದ ಡಿಎನ್‌ಎಯನ್ನು ರಿಪೇರಿ ಮಾಡುವ, ಅದು ಮುಗಿಯುವವರೆಗೆ ಕೋಶಚಕ್ರವನ್ನು ತಡೆಹಿಡಿಯಲು ನೆರವಾಗುವ ಜೀನುಗಳಿವು. ಇವುಗಳ ದೋಷ ಮಕ್ಕಳಿಗೆ ದಾಟುವ ಸಾಧ್ಯತೆ ಅರ್ಧಕ್ಕರ್ಧ, ಗಂಡಾಗಲಿ ಹೆಣ್ಣಾಗಲಿ. ಸಿಕ್ಕಿದರೆ ಅಮ್ಮನಿಗೆ ಒಲಾಪರಿಬ್‌ನಂಥ ಮಾತ್ರೆಯ ದಾರಿ ತೆರೆಯುತ್ತದೆ. ಆಮೇಲೆ ತಂಗಿಗೂ, ಪತ್ರ ಬರೆದ ನಿಮಗೂ, ಅದೊಂದೇ ದೋಷಕ್ಕೆ ಪರೀಕ್ಷೆ ಸಾಕು. ಅಮ್ಮನ ಪರೀಕ್ಷೆ ಇಲ್ಲದೆ ನೇರವಾಗಿ ತಂಗಿಯ ರಕ್ತ ಕೊಟ್ಟು ‘ನೆಗೆಟಿವ್’ ಬಂತೆಂದು ನಿರಾಳರಾಗಬೇಡಿ. ‘ವಿಯುಎಸ್’ ಎಂದು ಬಂದರೆ ಅರ್ಥ ಇನ್ನೂ ಗೊತ್ತಾಗಿಲ್ಲ ಎಂದಷ್ಟೇ. ಆ ಮೂರಕ್ಷರ ನೋಡಿ ಅಂಡಾಶಯ ತೆಗೆಸಿಕೊಳ್ಳಲು ಹೊರಟವರನ್ನು ನಾನು ವಾಪಸು ಕಳಿಸಿದ್ದೇನೆ.

ಗಂಡಿನ ಕಡೆಯವರಿಗೆ ಟಿಪಿ53 ಬಗ್ಗೆ ಹೇಳಲು ಏನೂ ಇಲ್ಲ. ರಿಪೋರ್ಟನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದರೆ ಮೊದಲು ಅಳಿಸಿ. ಮುಂದೆ ಬಿಆರ್‌ಸಿಎ ಸಿಕ್ಕಿದರೆ ಯಾರಿಗೆ, ಯಾವಾಗ ಹೇಳಬೇಕೆಂಬುದು ತಂಗಿಯ ತೀರ್ಮಾನ, ನಿಮ್ಮದಲ್ಲ.

ಪ್ರಶ್ನೆ: ಸ್ತನ ಕ್ಯಾನ್ಸರಿಗೆ ಪಾಲ್ಬೊಸಿಕ್ಲಿಬ್ ನುಂಗುತ್ತಿದ್ದೇನೆ. ಮೂರು ವಾರದ ನಂತರ ಒಂದು ವಾರ ಬಿಡುವುದು ಮಾತ್ರೆ ಉಳಿಸುವುದಕ್ಕೋ? ಬಿಳಿ ರಕ್ತಕಣ ಇಳಿದಿದೆ ಎಂದು ನಾಟಿ ವೈದ್ಯರು ಪುಡಿ ಕೊಟ್ಟಿದ್ದಾರೆ. ದ್ರಾಕ್ಷಿಯನ್ನೂ ಬಿಡಬೇಕೇ?

ಉತ್ತರ: ಅಲ್ಲ. ಕ್ಯಾನ್ಸರ್ ಕೋಶ ವಿಭಜನೆಗೆ ಬಳಸುವ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ಈ ಮಾತ್ರೆ ಕಟ್ಟಿಹಾಕುತ್ತದೆ. ಬಿಳಿ ರಕ್ತಕಣ ಹುಟ್ಟಿಸುವ ಮಜ್ಜೆಗೂ ಸಿಡಿಕೆ6 ಬೇಕು. ಬಿಡುವಿನ ವಾರ ಮಜ್ಜೆ ಚೇತರಿಸಿಕೊಳ್ಳಲಿಕ್ಕೆ. ಪುಡಿಯನ್ನು ತಿಪ್ಪೆಗೆ ಹಾಕಿ. ಅದರಲ್ಲಿ ಏನಿದೆ ಎಂದು ಕೊಟ್ಟವರು ಬರೆದುಕೊಡಲಿ ನೋಡೋಣ, ಯಾರೂ ಬರೆದುಕೊಟ್ಟಿದ್ದನ್ನು ನಾನು ಕಂಡಿಲ್ಲ. ದ್ರಾಕ್ಷಿಗೂ ಗ್ರೇಪ್‌ಫ್ರೂಟಿಗೂ ಸಂಬಂಧವಿಲ್ಲ, ದ್ರಾಕ್ಷಿ ತಿನ್ನಿ. ಬಿಡಬೇಕಾದದ್ದು ಗ್ರೇಪ್‌ಫ್ರೂಟ್. ಅದು ಚಕೋತ ಮತ್ತು ಕಿತ್ತಳೆಯ ಮಿಶ್ರ ಸಂತಾನ, ಮಾತ್ರೆಯನ್ನು ಕರಗಿಸುವ ಕಿಣ್ವವನ್ನು ತಡೆದು ರಕ್ತದಲ್ಲಿ ಅದರ ಪ್ರಮಾಣ ಏರಿಸುತ್ತದೆ. ಅದಕ್ಕೇ ನನ್ನ ರೋಗಿಗಳಿಗೆ ದೇವನಹಳ್ಳಿ ಚಕೋತವೂ ಬೇಡ ಎನ್ನುತ್ತೇನೆ. ಅತಿಯಾಯಿತು ಎನ್ನುವವರಿದ್ದಾರೆ, ಇರಲಿ. ದುಬಾರಿ ಎಂದು ದಿನ ಬಿಟ್ಟು ದಿನ ನುಂಗುವವರಿಗೂ ಒಂದು ಮಾತು: 2023ರಲ್ಲಿ ಪೇಟೆಂಟ್ ಮುಗಿದು ಜೆನೆರಿಕ್ ಬಂದಿದೆ, ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ಬಿಆರ್‌ಸಿಎ ಅಪ್ಪನ ಕಡೆಯಿಂದ ಬರುವುದಿಲ್ಲ ತಾನೇ?

ಉತ್ತರ: ಬರುತ್ತದೆ. ಅತ್ತೆಯಂದಿರಿಗೆ ಏನಾಗಿತ್ತು ಎಂದೂ ವಿಚಾರಿಸಿ.

ಪ್ರಶ್ನೆ: ಬಯಾಪ್ಸಿಯ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ?

ಉತ್ತರ: ಸ್ತನದ ಗಂಟಿಗೆ ಈ ಭಯ ಬೇಡ. ಹಾಗೆಂದವರ ಮಾತು ಕೇಳಿ ಆರು ತಿಂಗಳು ಕೂತರೆ ಹರಡುತ್ತದೆ.

ಪ್ರಶ್ನೆ: ಮುಳ್ಳುರಾಮಫಲದ ಎಲೆ ಕಷಾಯ?

ಉತ್ತರ: ಬೇಡ. ಮುಂದಿನ ತಿಂಗಳೂ ಬೇಡ.